ಪಿಯರ್ಸ್ ಎಂದು ಬರೆಯುವ ಬಗೆ

ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಇನ್‌ಸ್ಪೆಕ್ಟರಾಗಿದ್ದ ಆಂಗ್ಲೋ ಇಂಡಿಯನ್ ಹೆನ್ರಿ ಪಿಯರ್ಸ್ ೧೯೬೪ರ ಮಾಗಿಯಲ್ಲಿ ರಾಮನಗರದಲ್ಲೇ ತೀರಿಕೊಂಡ. ಅವನ ಜನವೆಲ್ಲ ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೊರಟುಹೋಗಿ ವರ್ಷಗಳಾಗಿದ್ದವು. ಹೆಂಡತಿ ನಾಗಲಕ್ಷ್ಮಮ್ಮನಿಗೆ ಕೋಡಿಹಳ್ಳಿಯ ತವರಿನ ಬಾಗಿಲು ಮದುವೆಯಾದ ದಿನವೇ ಮುಚ್ಚಿತ್ತು. ಮಕ್ಕಳಿರಲಿಲ್ಲ.

ಸಮಾಧಿಗೊಂದು ಕಲ್ಲು ನಿಲ್ಲಿಸಬೇಕೆಂದು ಅವಳು ಕಲ್ಲುಕುಟಿಗ ಸಿದ್ದಯ್ಯನ ಹತ್ತಿರ ಹೋದಳು. ಹೆಸರು ಇಂಗ್ಲಿಷಿನಲ್ಲಿರಲಿ ಎಂದಳು.

"ಯಾರ ಕೈಲಾದ್ರೂ ಬರೆಸ್ಕಂಡು ಬಾರವ್ವ, ನೋಡ್ಕಂಡು ಹಂಗೇ ಹೊಡ್ಕೊಡ್ತೀನಿ."

ಅವಳಿಗೆ ಇಂಗ್ಲಿಷ್ ಬಾರದು. ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ತೆಗೆದುಕೊಂಡು ಸ್ಟೇಷನ್ ಮಾಸ್ಟರ ಬಳಿ ಹೋದಳು. ಅವರು ಒಂದೊಂದನ್ನೇ ಓದಿ ತಲೆ ಕೆರೆದುಕೊಂಡರು. ಚರ್ಚಿನ ಚೀಟಿಯಲ್ಲಿ ಪಿಯರ್ಸ್ ಎಂಬುದಕ್ಕೆ ‘ಇ’ ಆದಮೇಲೆ ‘ಎ’. ನೌಕರಿಯ ಪುಸ್ತಕದಲ್ಲಿ ‘ಐ’ ಆದಮೇಲೆ ‘ಇ’. ಅವನೇ ಮಾಡಿದ ಸಹಿಯಲ್ಲಿ ‘ಸಿ’ ಬದಲು ‘ಎಸ್’.

"ಕೇಳೋಕೆ ಎಲ್ಲಾ ಒಂದೇ ಕಣಮ್ಮ. ಯಾವುದು ಸರಿ ಅಂತ ಅವರ ಮನೆಯವರೇ ಹೇಳಬೇಕು."

ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದ, ಮದುವೆಯಾಗದ ನಾದಿನಿಗೆ ಮಾಸ್ಟರ ಕೈಲೇ ಕಾಗದ ಬರೆಸಿದಳು. ಎರಡು ತಿಂಗಳ ಮೇಲೆ ಬಂದ ಉತ್ತರವನ್ನು ಅವರೇ ಓದಿ ಹೇಳಿದರು. ನಮ್ಮ ತಾತ ಮದರಾಸಿನ ಯಾವುದೋ ಅನಾಥಾಲಯದಲ್ಲಿ ಬೆಳೆದವನು. ಆ ಹೆಸರು ಅವನ ಅಪ್ಪನದೋ, ಅಲ್ಲಿನ ಗುಮಾಸ್ತ ಇಟ್ಟದ್ದೋ ಯಾರಿಗೂ ಗೊತ್ತಿಲ್ಲ. ಪೀಟರ್ ಎಂಬುದೇ ಹಿಂದೆ ಪಿಯರ್ಸ್ ಆಯಿತು ಅಂತಲೂ ಹೇಳುತ್ತಾರೆ. ನಿನಗೆ ಸರಿ ಕಂಡಂತೆ ಬರೆಸು. ಕೆಳಗೆ ನಾದಿನಿಯ ಸಹಿಯಲ್ಲಿ ಆ ಹೆಸರಿನ ಅಕ್ಷರಗಳು ನಾಲ್ಕನೆಯದೇ ಒಂದು ಥರ ಇದ್ದವು.

ನಾಗಲಕ್ಷ್ಮಮ್ಮ ಆ ಕಾಗದ ಮಡಿಸಿಕೊಂಡು ಬಹಳ ಹೊತ್ತು ಪ್ಲಾಟ್‌ಫಾರಂ ಮೇಲೆ ಕೂತಿದ್ದಳು. ತನ್ನ ಹಾಗೇ ಆ ಹೆಸರಿಗೂ ಹಿಂದುಮುಂದು ಯಾರೂ ಇಲ್ಲವಲ್ಲ ಅನ್ನಿಸಿತು.

ಮಾರನೆಯ ದಿನ ಸಿದ್ದಯ್ಯನಿಗೆ, "ಕನ್ನಡದಾಗೇ ಬರ್ದ್‌ಬುಡಪ್ಪ" ಎಂದಳು.

"ಸರಿ, ಹೆಸ್ರು ಹೇಳವ್ವ."

ಅವಳು ಇಪ್ಪತ್ತೆರಡು ವರ್ಷ ಗಂಡನನ್ನು ‘ಇವರು’ ಎಂದಿದ್ದಳೇ ಹೊರತು ಹೆಸರು ಹಿಡಿದು ಕರೆದವಳಲ್ಲ. ಒಂದೇ ಒಂದು ಸಲ ಕರೆ ಎಂದು ಅವನು ಎಷ್ಟೋ ಬಾರಿ ನಗುತ್ತಾ ಕಾಡಿದ್ದ. ಸಿದ್ದಯ್ಯ ಇದ್ದಿಲ ಚೂರು ಹಿಡಿದು ಕಾಯುತ್ತಿದ್ದ.

"ಹೆನ್ರಿ" ಎಂದಳು. ಆಮೇಲೆ, "ಪಿಯರ್ಸ್."

"ಒಸಿ ಜೋರಾಗಿ ಹೇಳವ್ವ, ಕೇಳ್ನಿಲ್ಲ."

ಹೇಳಿದಳು. ಅವನು ಕಿವಿಗೆ ಬಿದ್ದಂತೆ ಬರೆದುಕೊಂಡ.

ಕಲ್ಲು ನಿಲ್ಲಿಸಿದ ದಿನ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಸಂಜೆ ಅವಳು ಮನೆಗೆ ಬಂದಾಗ, ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಗುಲ್ಜಾರ್ ಬೀ ತಲೆಯೆತ್ತಿ ಕೇಳಿದಳು: "ಏನಂತ ಬರ್ಸಿದ್ಯಕ್ಕಾ?"

ನಾಗಲಕ್ಷ್ಮಮ್ಮ ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿದಳು.

"ಇವರ ಹೆಸ್ರು" ಎಂದಷ್ಟೇ ಹೇಳಿ, ಬೀಗ ತೆಗೆದು ಒಳಗೆ ಹೋದಳು.