ಸೇತುರಾಯರ ಕುಂಕುಮ

ಸೇತುರಾಯರು ಯಾರ ಮನೆಗೆ ಹೋದರೂ ಕುರ್ಚಿಯ ಬೆನ್ನು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡದೆ ಕೂತವರಲ್ಲ. ಮದುವೆಯ ಮನೆಯಾಗಲಿ, ಬ್ಯಾಂಕಾಗಲಿ, ವೈಕುಂಠ ಸಮಾರಾಧನೆಗೆ ಬಾಡಿಗೆಗೆ ತಂದು ಹಾಕಿದ ಪ್ಲಾಸ್ಟಿಕ್ ಕುರ್ಚಿಯಾಗಲಿ, ಕರೆದವರು ಮುಜುಗರದಿಂದ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರೂ ಲೆಕ್ಕಿಸದೆ, ನಾಲ್ಕು ಕಾಲುಗಳ ಯೋಗ್ಯತೆಯನ್ನು ಒಂದೊಂದಾಗಿ ವಿಚಾರಿಸಿಕೊಂಡು, ಆಮೇಲೂ ಅರ್ಧ ಭಾರವನ್ನು ತಮ್ಮ ಕಾಲಿನ ಮೇಲೆಯೇ ಇಟ್ಟುಕೊಂಡು ಕೂರುವರು. ಒಮ್ಮೆ ಹೀಗೆ ಅಲ್ಲಾಡಿಸಿದಾಗ ನಮ್ಮ ಮನೆಯ ಬೆತ್ತದ ಕುರ್ಚಿಯ ಕಾಲು ಕಳಚಿ ಅವರ ಕೈಗೇ ಬಂತು. ನನ್ನ ಹೆಂಡತಿ ವನಿತಾ ನಾಚಿಕೆಯಿಂದ ಒಳಗೆ ಓಡಿದಳು. ರಾಯರ ಮುಖದಲ್ಲಿ ಅಂದು ಕಂಡ ತೃಪ್ತಿಯನ್ನು ನಾನು ಅವರ ನಿವೃತ್ತಿಯ ದಿನ ಹಾರ ಹಾಕಿದಾಗಲೂ ಕಂಡಿರಲಿಲ್ಲ.

ಪದ್ಮನಾಭನಗರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಎದೆಯೆತ್ತರದ ಒಂದು ಗೋಡೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ಅವರು ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದವರು. ಮದುವೆಯಾಗಲಿಲ್ಲ. ಆ ವಿಷಯದಲ್ಲಿ ತಪಾಸಣೆ ಇನ್ನೂ ಮುಗಿದಿಲ್ಲ ಎಂದು ಅವರ ಅಕ್ಕ ಪಂಕಜಮ್ಮ ಜಯನಗರದಿಂದ ಬಂದಾಗಲೆಲ್ಲ ಹೇಳಿ ನಗುತ್ತಾರೆ. ಎಡಭುಜ ಮುಂದೆ ಮಾಡಿ, ತಲೆ ಓರೆಯಾಗಿಸಿ, ಜಗತ್ತಿನಲ್ಲಿ ಎಲ್ಲೋ ಏನೋ ಸಡಿಲವಾಗಿ ಕಿರುಗುಟ್ಟುತ್ತಿದೆ ಎಂಬಂತೆ ಆಲಿಸುತ್ತ ನಡೆಯುವ ನಡಿಗೆ ಅವರದು. ಮೈಮೇಲೆ ಕಾರ್ಖಾನೆಯ ಕಾಲದ ಬೂದು ಕೋಟು. ಬಗ್ಗಿದಾಗ ಪೆನ್ನೋ ಚಿಲ್ಲರೆಯೋ ಯಂತ್ರದೊಳಗೆ ಬಿದ್ದೀತೆಂದು ಅದರ ಎದೆಯ ಜೇಬಿನ ಬಾಯನ್ನು ತಾವೇ ಹೊಲಿದುಬಿಟ್ಟಿದ್ದಾರೆ. ನೀವು ಏನೇ ಹೇಳಿ, ಅವರ ಉತ್ತರ ಒಂದೇ: "ಇರಬಹುದು." ಇವತ್ತು ಸೋಮವಾರ ಎಂದರೂ "ಇರಬಹುದು."

ಇಂಥವರಿಗೆ ಹುಚ್ಚು ಹಿಡಿದರೆ ಅದು ಎಂಥ ಹುಚ್ಚಾಗಿರಬೇಕು! ಓದುವ ದಿನಗಳಲ್ಲಿ ಅವರು ಮದರಾಸಿನ ಬಳಿ, ಬಳಕೆ ತಪ್ಪಿದ ವಿಮಾನ ಓಡುದಾರಿಯೊಂದರಲ್ಲಿ ಕಾರಿನ ಓಟ ನೋಡಿದ್ದರಂತೆ. ಸಂಸಾರಸ್ಥರ ಹೆರಾಲ್ಡ್, ಫಿಯಟ್ ಕಾರುಗಳ ಮೈ ಕಿತ್ತೆಸೆದು, ತಗ್ಗಿನ ಎರಡು ಸೀಟಿನ ತಗಡಿನ ಮೈ ಹೊದಿಸಿ, ಮನೆಯ ಹಿತ್ತಿಲಲ್ಲೇ ಕಟ್ಟಿದ ಬಂಡಿಗಳು ಅಲ್ಲಿ ಗಾಳಿ ಸೀಳಿಕೊಂಡು ಓಡಿದ್ದವಂತೆ. ಆ ಸದ್ದು ನಲವತ್ತು ಚಿಲ್ಲರೆ ವರ್ಷ ಅವರ ಕಿವಿಯಲ್ಲಿ ಅಡಗಿ ಕೂತಿತ್ತು. ನಿವೃತ್ತಿಯಾದ ಮೇಲೆ ಒಂದು ದಿನ ಹಳೆಯ ಹೆರಾಲ್ಡಿನ ಅಸ್ಥಿಪಂಜರವೊಂದು ಟೆಂಪೋದಲ್ಲಿ ಬಂದು ಅವರ ಪೋರ್ಟಿಕೋದಲ್ಲಿ ಇಳಿಯಿತು. ತರಕಾರಿ ತರಲು ಬನಶಂಕರಿ ಮಾರ್ಕೆಟ್ಟಿಗೂ ಹೋಗಬೇಕು, ಬೇಕಾದಾಗ ಟ್ರ್ಯಾಕಿಗೂ ಇಳಿಯಬೇಕು, ಅಂಥ ಕಾರು ಕಟ್ಟುತ್ತೇನೆಂದು ಅವರು ಗೋಡೆಯ ಮೇಲಿಂದ ನನಗೆ ಘೋಷಿಸಿದರು. ಈಗ "ಇರಬಹುದು" ಎನ್ನುವ ಸರದಿ ನನ್ನದಾಗಿತ್ತು.

ಕಟ್ಟಿದರು. ಅಲ್ಯೂಮಿನಿಯಂ ತಗಡನ್ನು ಮೈಗೆ ತಕ್ಕಂತೆ ಬಡಿದು ಬಗ್ಗಿಸಿಕೊಟ್ಟವನು ಇಟ್ಟಮಡುವಿನಲ್ಲಿ ಟಿಂಕರಿಂಗ್ ಅಂಗಡಿ ಇಟ್ಟುಕೊಂಡಿರುವ ಬಾಗಲಕೋಟೆ ಕಡೆಯ ಚನ್ನವೀರ. ಅವನು ಹಾಕಿದ ಬೆಸುಗೆಯನ್ನು ರಾಯರು ಗರಗಸದಿಂದ ಕೊಯ್ದು, ಒಳಗೂ ಕೂಡಿಕೊಂಡಿದೆಯೇ ಎಂದು ನೋಡಿ, ಕೂಡಿಕೊಂಡಿರುವುದನ್ನು ಕಂಡು, ಮತ್ತೆ ಬೆಸೆಯಲು ಹೇಳಿದರು. ಚನ್ನವೀರ ತಲೆಯ ಮೇಲೆ ಕೈ ಹೊತ್ತು ನನ್ನ ಕಡೆ ತಿರುಗಿ, "ಇವ್ರ ಕಡೆ ಕೆಲಸ ಮಾಡೂದಂದ್ರ ದಿನಾ ಪರೀಕ್ಷಾಕ್ಕ ಕುಂತಂಗ ನೋಡ್ರಿ ಸರ್. ಪಾಸಾದ್ರೂ ಮತ್ತ ಬರಿ ಅಂತಾರ" ಎಂದ. ಆದರೂ ಬಿಟ್ಟು ಹೋಗಲಿಲ್ಲ. ಎದುರಿನ ಟ್ಯೂಷನ್ನಿಗೆ ಬರುವ ಹುಡುಗರು ಸ್ಕೂಟರ್ ನಿಲ್ಲಿಸಿ ಗೇಟಿನ ಸಂದಿಯಿಂದ ಫೋಟೋ ತೆಗೆಯುವಷ್ಟು ಚಂದವಾಗಿ, ಮೀನಿನಂತೆ ನುಣುಪಾಗಿ ಆ ಕಾರು ಬೆಳೆಯಿತು.

ಇನ್ನು ಕುಂಕುಮದ ವಿಷಯ. ವಿಮಾನದಲ್ಲಿ ಬಿಗಿದ ಪ್ರತಿ ಬೋಲ್ಟಿನ ಮೇಲೂ ಕೆಂಪು ಬಣ್ಣದ ಗುರುತು ಹಾಕುವುದು ಅವರ ಕಾರ್ಖಾನೆಯ ಶಿಸ್ತು. ಗುರುತಿದ್ದರೆ ಬಿಗಿದದ್ದು, ಇಲ್ಲದಿದ್ದರೆ ಇಲ್ಲ. ಕೊರೋನಾ ಕಾಲದಲ್ಲಿ ಬಣ್ಣದ ಅಂಗಡಿಗಳು ಮುಚ್ಚಿದ್ದಾಗ ರಾಯರು ದೇವರ ಮನೆಯಲ್ಲಿ ಅಕ್ಕ ಇಟ್ಟುಹೋಗಿದ್ದ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ, ಉಂಗುರ ಬೆರಳಿನಿಂದ ಬೋಲ್ಟಿಗೊಂದು ಬೊಟ್ಟು ಇಡಲು ಶುರುಮಾಡಿದರು. ಅಂಗಡಿ ತೆರೆದ ಮೇಲೂ ಅದನ್ನೇ ಮುಂದುವರಿಸಿದರು. ದೇವರೆಂದರೆ "ಇರಬಹುದು" ಎನ್ನುವ ಮನುಷ್ಯ, ಎಂದೂ ಹಣೆಗೆ ಕುಂಕುಮ ಇಟ್ಟುಕೊಳ್ಳದವರು, ಕಬ್ಬಿಣಕ್ಕೆ ಇಡುವುದನ್ನು ಕಂಡು ನನಗೆ ನಗು ಬರುತ್ತಿತ್ತು. "ನೆನಪನ್ನ ನಂಬಬಾರದು ಮೇಷ್ಟ್ರೇ. ನೆನಪು ನಮಗೆ ಬೇಕಾದ್ದನ್ನೇ ಹೇಳುತ್ತೆ. ಗುರುತು ಹಾಗಲ್ಲ" ಎನ್ನುತ್ತಿದ್ದರು.

ಕಾರು ಸಿದ್ಧವಾಗುವ ಹೊತ್ತಿಗೆ ಅವರ ಕಣ್ಣು ಕೈಕೊಡಲಾರಂಭಿಸಿತು. ಗ್ಲಾಕೋಮಾ. ನೋಟ ಎರಡೂ ಬದಿಯಿಂದ ಕಿರಿದಾಗುತ್ತ ಬರುತ್ತಿದೆ, ಟ್ರ್ಯಾಕಿನ ಮಾತಿರಲಿ, ರಸ್ತೆಯಲ್ಲೂ ಓಡಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಆ ಒಂದು ಮಾತಿಗೆ ಮಾತ್ರ ರಾಯರು "ಇರಬಹುದು" ಎನ್ನಲಿಲ್ಲ. ಓಡಿಸಲು ಒಪ್ಪಿದವಳು ಪಂಕಜಮ್ಮನವರ ಮೊಮ್ಮಗಳು ಧೃತಿ. ಜೆ.ಪಿ. ನಗರದಲ್ಲಿ ಹಲ್ಲಿನ ಡಾಕ್ಟರು, ಗಟ್ಟಿ ಕೈ, ತಣ್ಣನೆಯ ತಲೆ. ವಿಜಯದಶಮಿಯ ದಿನ ಕೋಲಾರದ ದಿಕ್ಕಿಗಿರುವ ಟ್ರ್ಯಾಕಿನಲ್ಲಿ, ಒಂದೊಂದೇ ಕಾರು ಸರದಿಯಂತೆ ಓಡುವ ಹವ್ಯಾಸಿಗಳ ಓಟವಿತ್ತು. ಅದು ತಪ್ಪಿದರೆ ಮುಂದಿನದು ಬರುವ ವರ್ಷ. ಅಷ್ಟರಲ್ಲಿ ತಾವು ಕಟ್ಟಿದ ಕಾರು ಓಡುವುದನ್ನು ನೋಡಲು ರಾಯರಿಗೆ ಎಷ್ಟು ಕಣ್ಣು ಉಳಿದಿರುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ದಿನ ಆಯುಧಪೂಜೆ. ಪಂಕಜಮ್ಮ ಹೂವು, ಬಾಳೆಕಂದು, ನಿಂಬೆಹಣ್ಣುಗಳ ಸಮೇತ ಬಂದಿಳಿದಿದ್ದರು. ರಾಯರು ಮುಂಭಾಗದ ಬೋಲ್ಟುಗಳನ್ನು ಕೊನೆಯ ಸಲ ಸಡಿಲಿಸಿ, ಒರೆಸಿ, ಗುರುತು ಅಳಿಸಿ, ಒಂದೊಂದಾಗಿ ಮತ್ತೆ ಬಿಗಿಯುತ್ತಿದ್ದರು. ಒಳಗಿನಿಂದ ಅಕ್ಕನ ದನಿ ಬಂತು: "ಸೇತೂ, ಎಲೆಗೆ ಬಡಿಸಿಯಾಯ್ತು. ಅನ್ನ ಕಾಯಿಸಬಾರದು, ಏಳು." ಕೆಲಸದ ನಡುವೆ ಎಂದೂ ಏಳದವರು ಅಂದು ಎದ್ದರು. ಎಪ್ಪತ್ತು ದಾಟಿದ ಅಕ್ಕ ಹೋಳಿಗೆ ಮಾಡಿ ಬಡಿಸಿಕೊಂಡು ಕೂತಿದ್ದಾಳೆಂದರೆ ಯಾರು ತಾನೇ ಏಳುವುದಿಲ್ಲ? ಉಂಡು ಕಣ್ಣು ಮುಚ್ಚಿದರು, ಹೋಳಿಗೆಯ ನಿದ್ರೆ ಹತ್ತಿತು. ಧೃತಿ ಬೂದುಕುಂಬಳಕಾಯಿ ತರಲು ಹೋಗಿದ್ದಳು. ರಾಹುಕಾಲ ಕಳೆಯುತ್ತಲೇ ಪಂಕಜಮ್ಮ ಒಬ್ಬರೇ ಪೂಜೆಗೆ ತೊಡಗಿದರು.

ಪ್ರಸಾದದ ಹೊತ್ತಿಗೆ ಸರಿಯಾಗಿ ಹೋಗುವುದು ನನ್ನ ಪದ್ಧತಿ. ನಾನು ಗೇಟು ತೆರೆದಾಗ ಗಂಟೆಯ ಸದ್ದಿಗೆ ಎಚ್ಚರಾಗಿ ರಾಯರೂ ಹೊರಗೆ ಬಂದರು. ಕಾರಿಗೆ ಬಾಳೆಕಂದು ಕಟ್ಟಿತ್ತು, ಚಕ್ರದಡಿ ನಿಂಬೆಹಣ್ಣು ಇತ್ತು, ಮಣೆಯ ಮೇಲೆ ಸ್ಪ್ಯಾನರುಗಳೆಲ್ಲ ಸೇವಂತಿಗೆ ಮುಡಿದು ಮಲಗಿದ್ದವು. ಬಾನೆಟ್ ಮುಚ್ಚಿರಲಿಲ್ಲ. ಒಳಗೆ ಕೈಗೆಟುಕುವ ಪ್ರತಿಯೊಂದು ಬೋಲ್ಟಿನ ಮೇಲೂ ದುಂಡಗೆ, ಮುದ್ದಾಗಿ, ಕೆಂಪು ಬೊಟ್ಟು.

ಪಂಕಜಮ್ಮನವರ ಕಣ್ಣಲ್ಲಿ ನೀರು ತುಂಬಿತ್ತು. "ಸೇತು, ಇಷ್ಟು ವರ್ಷ ನಿನಗೆ ದೇವರಿಲ್ಲ ಅಂದ್ಕೊಂಡಿದ್ದೆ ಕಣೋ. ಇಷ್ಟೊಂದಕ್ಕೆ ನೀನೇ ಕೈಯಾರೆ ಕುಂಕುಮ ಇಟ್ಟಿದೀಯಲ್ಲ! ಕೆಲವಕ್ಕೆ ಮರೆತಿದ್ದೆ. ನಿನ್ನ ಬಟ್ಟಲಲ್ಲೇ ಇತ್ತು, ಅವಕ್ಕೂ ನಾನೇ ಇಟ್ಟೆ."

ರಾಯರು ಬಾನೆಟ್ಟಿನೊಳಗೆ ಕಣ್ಣು ಹತ್ತಿರ ಒಯ್ದು ನೋಡಿದರು. ಅವರು ಮರೆತಿದ್ದವೆಂದು ಅಕ್ಕ ತಿಳಿದ ಬೋಲ್ಟುಗಳೇ ಬಿಗಿಯದೆ ಉಳಿದವು ಎಂಬುದು ಯಂತ್ರದ ಗಂಧವಿಲ್ಲದ ನನಗೂ ಅರ್ಥವಾಯಿತು. ಈಗ ಯಾವುದು ಬಿಗಿದದ್ದು, ಯಾವುದು ಬಿಗಿಯದ್ದು ಎಂದು ಗುರುತು ನೋಡಿ ಹೇಳುವಂತಿರಲಿಲ್ಲ. ಅಷ್ಟರಲ್ಲಿ ಕುಂಬಳಕಾಯಿ ಹೊತ್ತು ಬಂದ ಧೃತಿ ಬಾನೆಟ್ಟಿನೊಳಗೆ ಇಣುಕಿದವಳೇ "ಅಯ್ಯೋ ಅಜ್ಜಿ!" ಎಂದು ಅಲ್ಲೇ ನಿಂತಳು.

ರಾಯರು ಮಣೆಯ ಕಡೆ ಬಗ್ಗಿ, ಎಷ್ಟು ಬಿಗಿಯಬೇಕೋ ಅಷ್ಟಾದ ಕೂಡಲೇ ಟಕ್ಕೆನ್ನುವ ಉದ್ದ ಹಿಡಿಯ ಸ್ಪ್ಯಾನರಿಗೆ ಕೈ ಹಾಕಿದರು.

"ಮುಟ್ಟಬೇಡ!" ಪಂಕಜಮ್ಮ ಅಡ್ಡ ಬಂದರು. "ಪೂಜೆಗಿಟ್ಟ ಆಯುಧ. ನಾಳೆ ಪುನಃಪೂಜೆ ಆಗೋವರೆಗೂ ಎತ್ತೋ ಹಾಗಿಲ್ಲ."

"ನಾಳೆ ಬೆಳಗಾಗೋಕೆ ಮುಂಚೆ ಗಾಡಿ ಒಯ್ಯೋ ಟ್ರಕ್ ಬರುತ್ತೆ ಅಕ್ಕ. ಒಂದೂ ಬಿಡದೆ ಎಲ್ಲ ಬೊಟ್ಟೂ ಒರೆಸಬೇಕು. ಎಲ್ಲಾನೂ ಮತ್ತೆ ಬಿಗೀಬೇಕು."

"ಕುಂಕುಮ ಒರೆಸ್ತೀಯಾ? ನಾಳೆ ಮಗು ಕೂತ್ಕೊಳ್ಳೋ ಗಾಡಿ ಅದು! ಹಬ್ಬದ ದಿನ ಕುಂಕುಮ ಒರೆಸಿ ಕಳಿಸ್ತೀಯಾ ಅವಳನ್ನ?"

ಹಣೆಯ ಮೇಲೆ ಕಾಸಿನಗಲದ ಕುಂಕುಮ ಇಟ್ಟ ಆ ಮುಖ ಬಿಳಿಚಿಕೊಂಡಿತ್ತು. ನಗಬೇಡಿ, ಅವರು ಹೆದರಿದ್ದು ನಿಜವಾಗಿಯೇ ಹೆದರಿದ್ದು. ಇಬ್ಬರೂ ಕಾಯುತ್ತಿದ್ದುದು ಒಬ್ಬಳೇ ಹುಡುಗಿಯನ್ನು, ಆದರೆ ಒಬ್ಬರು ಕಾಯಬೇಕಾದರೆ ಇನ್ನೊಬ್ಬರ ಕಾವಲನ್ನು ಕೆಡವಬೇಕಿತ್ತು. ಧೃತಿ ನಡುವೆ ಬಾಯಿ ಹಾಕಿದಳು: "ತಾತ, ಎಲ್ಲಿಗೆ ನಿಲ್ಲಿಸಿದ್ರಿ ಅಂತ ನೆನಪಿದೆಯಲ್ಲ, ಅಲ್ಲಿಂದ ಮುಂದೆ ನೋಡಿದ್ರೆ ಸಾಕು."

"ನೆನಪಿದೆ. ಅದಕ್ಕೇ ಭಯ" ಎಂದರು ರಾಯರು. "ಅಕ್ಕ ಬೇಡ ಅಂದ್ರೆ ನಾನು ಮುಟ್ಟಲ್ಲ. ಗಾಡಿ ಮಾತ್ರ ಗೇಟು ದಾಟಲ್ಲ. ಟ್ರಕ್ಕಿನವನಿಗೆ ಬೇಡ ಅಂತ ಫೋನ್ ಮಾಡಮ್ಮ."

ನಲವತ್ತು ವರ್ಷದ ಆಸೆಯನ್ನು ಅವರು ಎಷ್ಟು ಮೆಲ್ಲಗೆ ಕೆಳಗಿಟ್ಟರೆಂದರೆ ಅದು ನೆಲ ಮುಟ್ಟಿದ ಸದ್ದೂ ಆಗಲಿಲ್ಲ. ಧೃತಿ ಫೋನು ತೆಗೆದು ನಂಬರು ಒತ್ತದೆ ನಿಂತಳು. ನನಗೆ ಪಂಕಜಮ್ಮನವರ ಮೇಲೆ ಕೋಪವೂ ಬಂತು, ಕನಿಕರವೂ ಬಂತು. ರಾಯರು ಮುಂದಿನ ಚಕ್ರದ ಹಿಂದೆ ಕೈ ತೂರಿಸಿ ಏನನ್ನೋ ಮುಟ್ಟಿ ನೋಡಿದರು. ಆಮೇಲೆ ಅಕ್ಕನ ಬಲಗೈಯನ್ನು ಹಿಡಿದು, ಮಗುವಿನ ಕೈಯನ್ನು ಅಕ್ಷರದ ಮೇಲೆ ತಿದ್ದಿಸುವ ಹಾಗೆ, ಅಲ್ಲಿಗೆ ಒಯ್ದರು. "ಚಕ್ರ ಹಿಡ್ಕೊಂಡಿರೋದು ಇದು. ತಿರುಗಿಸು."

ಪಂಕಜಮ್ಮ ತಿರುಗಿಸಿದರು. ಎರಡೇ ಬೆರಳಲ್ಲಿ, ಮಾತ್ರೆ ಡಬ್ಬಿಯ ಮುಚ್ಚಳ ತೆಗೆದಷ್ಟು ಸುಲಭವಾಗಿ, ತಾವೇ ಇಟ್ಟ ಬೊಟ್ಟಿನ ಸಮೇತ ಆ ನಟ್ಟು ತಿರುಗಿತು. ಅವರು ಕೈ ಹಿಂತೆಗೆದು ಬೆರಳಿಗಂಟಿದ ಕೆಂಪನ್ನು ನೋಡಿಕೊಂಡರು.

ಆಮೇಲೆ ಆ ಮುದುಕಿ ಸೆರಗಿನ ತುದಿಯನ್ನು ಎಳೆದುಕೊಂಡು, ಮೋಟು ಸ್ಟೂಲಿನ ಮೇಲೆ ಕೂತು, ತಾವೇ ಒರೆಸಲಾರಂಭಿಸಿದರು. ತುಟಿ ಏನನ್ನೋ ಜಪಿಸುತ್ತಿತ್ತು. ಹೊಸ ಮಡಿ ಸೀರೆಯ ಅಂಚು ಎಣ್ಣೆ ಕುಡಿದು ಕೆಂಪಾಯಿತು. ಬಟ್ಟೆಯ ಚೂರು ಕೊಡಲು ಹೋದ ಧೃತಿಗೆ, "ಬಿಡು, ನಾನಿಟ್ಟದ್ದು ನಾನೇ ತೆಗೀಬೇಕು" ಎಂದರು. ರಾಯರು ಹೂವನ್ನು ಜೋಪಾನವಾಗಿ ಪಕ್ಕಕ್ಕಿಟ್ಟು ಸ್ಪ್ಯಾನರು ಎತ್ತಿದರು. ಅಕ್ಕ ಒರೆಸುವುದು, ತಮ್ಮ ಬಿಗಿಯುವುದು, ಟಕ್ಕೆನ್ನುವುದು, ಬಿಗಿದದ್ದಕ್ಕೆ ಹೊಸ ಬೊಟ್ಟು. ನೂಕಿದರೆ ಉರುಳುವ ಆ ಪುಟ್ಟ ಕಾರಿನಲ್ಲಿ ಅಷ್ಟು ಬೋಲ್ಟುಗಳಿದ್ದವೆಂದು ನಾನು ತಿಳಿದಿರಲಿಲ್ಲ. ಬೀದಿದೀಪ ಹತ್ತಿದ ಮೇಲೆ ಮುಗಿಯಿತು. ಬಿಗಿಯದೆ ಉಳಿದಿದ್ದವೆಲ್ಲ ಮುಂಭಾಗದಲ್ಲೇ ಸಿಕ್ಕವು. ಹಿಂದಿನದೆಲ್ಲ ಭದ್ರವಾಗಿಯೇ ಇತ್ತು. "ವೃಥಾ ಶ್ರಮ ಆಯ್ತಲ್ಲ ರಾಯರೇ" ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ನಾನು ಇನ್ನೊಮ್ಮೆ ಒಂದನೇ ತರಗತಿಗೆ ಸೇರಿದೆ.

ಮರುದಿನ ಟ್ರ್ಯಾಕಿಗೆ ನಾನೂ ಹೋದೆ. ಪಂಕಜಮ್ಮ ಬರಲಿಲ್ಲ, ದೇವರ ಮನೆಯ ಬಾಗಿಲಲ್ಲಿ ಕೂತಿದ್ದರು. ಕಾರು ಹೊರಟಿತು. ನೋಡಬೇಕೆಂದೇ ಇಷ್ಟು ವರ್ಷ ಕಾದ ರಾಯರು ತಂತಿಬೇಲಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಕಿವಿಯೊಡ್ಡಿ ನಿಂತುಬಿಟ್ಟರು. ಸದ್ದು ತಿರುವಿನಾಚೆ ಸಣ್ಣದಾಗುವುದು, ಮತ್ತೆ ದೊಡ್ಡದಾಗಿ ಹತ್ತಿರ ಬರುವುದು. "ರಾಯರೇ, ನೋಡಿ, ಎಷ್ಟು ಚಂದ ತಿರುಗಿದಳು!" ಎಂದೆ. ಅವರು ಕೈಯೆತ್ತಿ ನನ್ನ ಬಾಯಿ ಮುಚ್ಚಿಸಿದರು. ಇದ್ದಕ್ಕಿದ್ದಂತೆ ಸದ್ದು ಇಳಿಯಿತು. ತಿರುವಿನಾಚೆಯಿಂದ ಏನೂ ಬರಲಿಲ್ಲ. ರಾಯರು ಗಿರ್ರನೆ ತಿರುಗಿದರು. ಬದಿಯ ನೋಟವಿಲ್ಲದ ಆ ಕಣ್ಣುಗಳು ಟ್ರ್ಯಾಕಿನ ಉದ್ದಕ್ಕೂ ಹುಡುಕುತ್ತಿದ್ದುದನ್ನು ನಾನು ಜನ್ಮದಲ್ಲಿ ಮರೆಯಲಾರೆ.

ಕಾರು ಒಳದಾರಿಯಿಂದ ನಿಧಾನವಾಗಿ ಉರುಳುತ್ತ ಬಂದು ನಮ್ಮೆದುರೇ ನಿಂತಿತು. ಧೃತಿ ಹೆಲ್ಮೆಟ್ ತೆಗೆದಳು. "ತಾತ, ಬಲಗಡೆ ಏನೋ ಟಿಕ್ ಟಿಕ್ ಅನ್ನಿಸ್ತು. ಏನೂ ಇಲ್ದೇನೂ ಇರಬಹುದು. ಆದ್ರೂ ಬಂದ್ಬಿಟ್ಟೆ." ರಾಯರು ನೆಲದ ಮೇಲೆ ಮಲಗಿ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಟೈರಿನ ಗೀರಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತ್ತು, ಅಷ್ಟೇ. ಅದನ್ನು ಕಿತ್ತು ಏಳುವಷ್ಟರಲ್ಲಿ ಅವಳ ಸರದಿ ಮುಗಿದುಹೋಗಿತ್ತು. ಪಕ್ಕದ ಕಾರಿನ ಹುಡುಗ ಲೊಚಗುಟ್ಟಿದ: "ಒಂದು ಕಲ್ಲಿಗೆ ಓಟ ಬಿಟ್ಬಿಟ್ರಲ್ಲ ಮೇಡಂ! ಸಖತ್ತಾಗಿ ಹೋಗ್ತಿದ್ರಿ."

ರಾಯರ ಕಣ್ಣು ತುಂಬಿ ಬಂದಿತ್ತು. ಅವಳ ತಲೆಯ ಮೇಲೆ ಕೈಯಿಟ್ಟು, "ಇನ್ನು ನನಗೆ ಕಣ್ಣು ಕಾಣದಿದ್ರೂ ಪರವಾಗಿಲ್ಲಮ್ಮ. ಗಾಡಿ ನಡೆಯುತ್ತೆ" ಎಂದರು.

ಇಂಥವರೊಡನೆ ಬಾಳುವುದು ಕಷ್ಟ. ಅವರು ಹಬ್ಬದ ಸಂಭ್ರಮ ಕೆಡಿಸುತ್ತಾರೆ, ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ, ಏನೂ ಆಗುವುದಿಲ್ಲ ಹೋಗಿ ಬಾ ಎಂಬ ಸುಲಭದ ಮಾತು ಅವರ ಬಾಯಲ್ಲಿ ಹೊರಡುವುದಿಲ್ಲ. ಅವರಿಗೆ ಪ್ರೀತಿ ತಿಳಿಯದೆಂದು ನಾವು ದೂರುತ್ತೇವೆ. ಸೇತುವೆ ದಾಟುವಾಗ, ಲಿಫ್ಟಿನೊಳಗೆ ಕಾಲಿಡುವಾಗ, ಮಗುವನ್ನು ಉಯ್ಯಾಲೆಯಲ್ಲಿ ಕೂರಿಸಿ ತೂಗುವಾಗ ನಮಗೆ ಭಯವಾಗುವುದಿಲ್ಲ. ಅದು ನಮ್ಮ ಧೈರ್ಯವೆಂದೇ ನಾವು ತಿಳಿದಿದ್ದೇವೆ. ನಮ್ಮ ಪಾಲಿನ ಭಯವನ್ನೆಲ್ಲ ಯಾರೋ ಒಬ್ಬ ಅನುಮಾನದ ಮನುಷ್ಯ ನಮಗಿಂತ ಮುಂಚೆ, ಒಬ್ಬನೇ ಕೂತು, ಪಟ್ಟು ಮುಗಿಸಿರುತ್ತಾನೆ.