ಬೂಟಿನೊಳಗಿನ ಹೊಗೆ

ಸುಟ್ಟ ವಾಸನೆ ಮೊದಲು ಬಡಿದದ್ದು ಭಾಮೈದನ ಮೂಗಿಗೆ. ವೆಲ್ಡಿಂಗ್ ಅಂಗಡಿಯಲ್ಲಿ ಸುಟ್ಟ ವಾಸನೆ ಹೊಸದೇನಲ್ಲ. ಆದರೆ ಇದು ಕಬ್ಬಿಣದ್ದಲ್ಲ, ಬಣ್ಣದ್ದೂ ಅಲ್ಲ. ಗ್ರೈಂಡರ್ ಆರಿಸಿ ತಲೆ ಎತ್ತಿದ. ಭಾವ ಗೇಟಿನ ಚೌಕಟ್ಟಿನ ಮೇಲೆ ಬಗ್ಗಿ ಬೆಸುಗೆ ಹಾಕುತ್ತಿದ್ದರು. ಅವರ ಎಡಗಾಲಿನ ಬೂಟಿನ ಬಾಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಭಾವ! ಕಾಲು!"

ಭಾವ ಮುಖದ ಕವಚ ಎತ್ತಿ ನಕ್ಕರು. "ಕಾಲು ಇದ್ದ ಕಡೆನೇ ಇದೆಯಲ್ಲೋ. ನಿನ್ನ ಹಾಗೆ ಕೆಲಸ ಬಿಟ್ಟು ಓಡಿಹೋಗಲ್ಲ ಅದು."

ಭಾಮೈದ ಬಕೆಟ್ಟಿನ ನೀರು ಸುರಿದು ಬೂಟು ಎಳೆದು ತೆಗೆದ. ಕಾಲುಚೀಲ ಪಾದಕ್ಕೆ ಅಂಟಿಕೊಂಡಿತ್ತು. ಕಾದ ಲೋಹದ ಹನಿಯೊಂದು ಒಳಗೆ ಬಿದ್ದು, ಚರ್ಮ ಸುಟ್ಟು, ಮಾಂಸದಲ್ಲಿ ಕೂತಿತ್ತು. ಅಂಥದ್ದು ಬಿದ್ದರೆ ಎಂಥ ಗಟ್ಟಿ ಆಳೂ ಅಂಗಡಿ ತುಂಬ ಕುಣಿಯಬೇಕು. ಭಾವ ಯಾರದೋ ಕಾಲು ನೋಡುವವರ ಹಾಗೆ ನೋಡಿದರು. ಪಕ್ಕದ ಬಾಟಲಿ ಎತ್ತಿ ಗಟಗಟ ಕುಡಿದರು.

"ನೋವಿಲ್ವಾ?"

"ಇರುವೆ ಕಚ್ಚಿದಷ್ಟೂ ಇಲ್ಲ."

ಭಾಮೈದ ಆಟೋ ತರಲು ಬೀದಿಗೆ ಓಡಿದ.

ಆ ಬಾಟಲಿಯ ಕತೆ ಹೀಗೆ. ಹಿಂದೆ ಭಾವ ಕುಡಿಯುತ್ತಿದ್ದುದು ಹೆಂಡ. ಅಕ್ಕ ಅತ್ತು ಕರೆದು ಬಿಡಿಸಿದಳು. ಬಿಟ್ಟ ಮೇಲೆ ಬಾಯಿ ಸುಮ್ಮನಿರಬೇಕಲ್ಲ, ಆ ಜಾಗಕ್ಕೆ ಬಂತು ಕರಿ ಬಣ್ಣದ ಸಿಹಿ ಸೋಡಾ. ಬೆಳಿಗ್ಗೆ ಒಂದು ದೊಡ್ಡ ಬಾಟಲಿ, ಮಧ್ಯಾಹ್ನ ಇನ್ನೊಂದು. ನೀರೆಂದರೆ ಮೂಗು ಮುರಿಯುತ್ತಿದ್ದರು. ಯಾರಾದರೂ ಮನೆಗೆ ಬಂದರೆ ಅಕ್ಕ ಫ್ರಿಜ್ ತೆರೆದು ತೋರಿಸುತ್ತಿದ್ದಳು: "ಈಗ ಇವರು ಕುಡಿಯೋದು ಇಷ್ಟೇ ನೋಡಿ." ಅಂಗಡಿಯಲ್ಲಿ ಮುಚ್ಚಳ ತಿರುಗಿಸಿ ಕೊಡುತ್ತಿದ್ದವನು ಭಾಮೈದನೇ. ಈಚೆಗೆ ಭಾವನ ಹೊಟ್ಟೆ ಕರಗಿತ್ತು, ಬಾಯಾರಿಕೆ ಏರಿತ್ತು. ಬಾಯಾರಿದಷ್ಟೂ ಅದನ್ನೇ ಕುಡಿದರು. "ಮದುವೆ ಗಂಡಿನ ಹಾಗೆ ಕಾಣ್ತಿದ್ದೀರಿ" ಎಂದು ಇವನೇ ರೇಗಿಸಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷಿಸಿ ಮುಖ ಗಂಟಿಕ್ಕಿದರು. ಲೋಹದ ಹನಿ ತೆಗೆದು ಗಾಯಕ್ಕೆ ಪಟ್ಟಿ ಕಟ್ಟಿ, ಬಿರುಸಾದ ನೈಲಾನ್ ದಾರದ ತುಂಡೊಂದು ಹಿಡಿದರು. "ಕಣ್ಣು ಮುಚ್ಕೊಳ್ಳಿ. ಮುಟ್ಟಿದಾಗೆಲ್ಲ ಹೇಳಿ."

ದಾರ ಹೆಬ್ಬೆರಳಿಗೆ ತಾಗಿ ಬಾಗಿತು. ಕಿರುಬೆರಳಿಗೆ. ಅಂಗಾಲಿಗೆ. ಬಲಗಾಲಿಗೂ.

"ಶುರು ಮಾಡಿ ಡಾಕ್ಟ್ರೇ, ನಿದ್ದೆ ಬರ್ತಿದೆ" ಎಂದರು ಭಾವ.

ಡಾಕ್ಟರಮ್ಮ ದಾರ ಕೆಳಗಿಟ್ಟರು.

"ಸಕ್ಕರೆ ಕಾಯಿಲೆ. ಬಂದು ವರ್ಷಗಳೇ ಆಗಿರ್ಬೇಕು. ಪಾದದ ನರ ಹಾಳಾಗಿದೆ."

"ನಾನು ಸಿಹಿ ತಿಂಡಿ ಮುಟ್ಟೋದೇ ಇಲ್ವಲ್ಲ!"

"ತಿಂದಿಲ್ಲ, ಕುಡಿದಿದ್ದೀರಿ. ಅದೊಂದೇ ಕಾರಣ ಅನ್ನಲ್ಲ ನಾನು. ಆದ್ರೆ ದಿನಾ ಅಷ್ಟು ಸಕ್ಕರೆ ಒಳಗೆ ಹೋದ್ರೆ ಈ ಕಾಯಿಲೆಯನ್ನ ಕೈಬೀಸಿ ಕರೆದ ಹಾಗೆ. ಇವತ್ತಿಂದಲೇ ನಿಲ್ಲಿಸಿ. ಈ ಗಾಯ ಕೀವಾದ್ರೆ ಬೆರಳು ತೆಗೀಬೇಕಾಗಬಹುದು. ಆಮೇಲೆ ಪಾದ."

ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಬಂದಳು. ಗಾಬರಿಯಲ್ಲೂ ಮರೆತಿರಲಿಲ್ಲ, ಚೀಲದಿಂದ ತಣ್ಣನೆಯ ಬಾಟಲಿ ತೆಗೆದಳು. ಭಾವನ ಕೈ ತಾನಾಗಿಯೇ ಮುಂದೆ ಬಂತು.

ಭಾಮೈದ ಬಾಟಲಿ ಕಿತ್ತುಕೊಂಡು ಮೂಲೆಯ ತೊಟ್ಟಿಗೆ ಸುರಿದುಬಿಟ್ಟ. ಕಂದು ನೊರೆ ಬುಸುಗುಟ್ಟಿತು.

ಅಕ್ಕ ಅವನ ತೋಳು ಹಿಡಿದು ಪಕ್ಕಕ್ಕೆಳೆದಳು. "ಹುಚ್ಚೇನೋ ನಿಂಗೆ? ಇದನ್ನೂ ಕಿತ್ಕೊಂಡ್ರೆ ಮತ್ತೆ ಹೆಂಡಕ್ಕೇ ಹೋಗ್ತಾರೆ. ನಂಗೆ ಆ ದಿನಗಳು ಬೇಡ."

"ಕಾಲು ಹೊತ್ತಿ ಉರೀತಿತ್ತು ಅಕ್ಕ. ಅವರು ನಗ್ತಿದ್ರು."

ಅಕ್ಕ ಅವನ ತೋಳು ಬಿಟ್ಟಳು.

ಭಾವನಿಗೆ ಎಲ್ಲ ಕೇಳಿಸಿತ್ತು. "ಡಾಕ್ಟ್ರೇ, ಆ ದಾರ ಇನ್ನೊಂದ್ಸಲ ಮುಟ್ಟಿಸಿ" ಎಂದರು. "ಈ ಸಲ ಕಣ್ಣು ಬಿಟ್ಕೊಂಡೇ ಇರ್ತೀನಿ."

ದಾರ ಹೆಬ್ಬೆರಳಿಗೆ ತಾಗಿತು. ಬಿಲ್ಲಿನಂತೆ ಬಾಗಿತು. ಭಾವ ರೆಪ್ಪೆ ಮಿಟುಕಿಸದೆ ನೋಡಿದರು. ತಡವರಿಸಿ ಅಕ್ಕನ ಮುಂಗೈ ಹಿಡಿದರು. ಹಿಡಿದ ಬಿಗಿಗೆ ಅವಳು ನೋವಿನಿಂದ ಮುಖ ಕಿವುಚಿದಳು.

"ನೀರು ಕೊಡೇ" ಎಂದರು, ಹೆದರಿದ ಮಗುವಿನ ಹಾಗೆ. "ಬರೀ ನೀರು."