ಮೊದಲ ನಲವತ್ತು ಸೆಕೆಂಡು

ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡವಳು. ಮೈದುನನ ಹೆಂಡತಿಗೆ ನಮ್ಮ ರಕ್ತಪರೀಕ್ಷೆಯ ಲ್ಯಾಬಿನ ಕಂಪ್ಯೂಟರ್ ವಿಭಾಗದಲ್ಲಿ, ನನ್ನ ಜೊತೆಯಲ್ಲೇ ಕೆಲಸ ಕೊಡಿಸಿದ್ದು ನಾನೇ. ಬಂದು ವರ್ಷವೂ ಆಗಿಲ್ಲ, ಮನೆಯಲ್ಲಿ ಅತ್ತೆಗೆ ಅವಳೇ ಬೇಕು, ಲ್ಯಾಬಿನಲ್ಲಿ ಎಲ್ಲರಿಗೂ ಅವಳೇ ಬೇಕು. ಹನ್ನೊಂದು ವರ್ಷದಿಂದ ಇಲ್ಲಿಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿರುವ ನಾನು ಯಾರ ಕಣ್ಣಿಗೂ ಬೀಳುವುದಿಲ್ಲ. ಮನಸ್ಸಿನಲ್ಲೇ ಈ ಓರಗಿತ್ತಿಗೆ ಜಾಣಮರಿ ಎಂದು ಹೆಸರಿಟ್ಟಿದ್ದೇನೆ. ಬಾಯಲ್ಲಿ ಮಾತ್ರ "ಬಾಮ್ಮ, ಕೂತ್ಕೋ".

ನಮ್ಮ ವಿಭಾಗದ ಮುಖ್ಯಸ್ಥರು ಬೇರೆ ಶಾಖೆಗೆ ಹೋಗುವವರಿದ್ದರು. ಅವರ ಜಾಗಕ್ಕೆ ನಾನೋ ಅವಳೋ ಎಂಬುದು ಆ ಶುಕ್ರವಾರ ತೀರ್ಮಾನವಾಗಬೇಕಿತ್ತು. ನಿನ್ನೆ ಮೊನ್ನೆ ಬಂದವಳನ್ನು ನನ್ನ ಜೊತೆ ತೂಗುತ್ತಾರಲ್ಲ!

ಸೋಮವಾರ ದೂರು ಬಂತು. ಲ್ಯಾಬಿನವರು ತಮ್ಮ ಮೇಜಿನಿಂದಲೇ ರಿಮೋಟ್ ಡೆಸ್ಕ್‌ಟಾಪ್ ಎಂಬ ಕಿಂಡಿಯ ಮೂಲಕ ವರ್ಚುವಲ್ ಸರ್ವರ್‌ ಹೊಕ್ಕು ವರದಿ ಬರೆಯುತ್ತಾರೆ. ಎರಡು ತಿಂಗಳಿಂದ, ಬೆಳಿಗ್ಗೆ ಮೊದಲ ಸಲ ಹೊಗುವಾಗ ನಲವತ್ತು ಸೆಕೆಂಡು ಬರೀ ಕಪ್ಪು ಪರದೆಯಂತೆ. ಒಳಗೆ ಹೋದ ಮೇಲೆ ಎಲ್ಲ ಸರಾಗ.

"ನನಗೆ ಪಟ್ ಅಂತ ಬರುತ್ತಪ್ಪ," ಎಂದೆ.

"ಅಕ್ಕ, ನೀವು ಲಾಗೌಟ್ ಮಾಡೋದೇ ಇಲ್ವಲ್ಲ, ಬರೀ ವಿಂಡೋ ಮುಚ್ತೀರಿ. ನೀವು ಒಳಗೇ ಇದ್ದ ಹಾಗೆ ಲೆಕ್ಕ, ಹೊಸದಾಗಿ ಹೊಗೋದೇ ಇಲ್ಲ. ಅದಕ್ಕೇ ನಿಮಗೆ ಗೊತ್ತಾಗಲ್ಲ," ಎಂದಳು ಜಾಣಮರಿ, ಎಲ್ಲರೆದುರು.

ಮೈಯೆಲ್ಲ ಉರಿದುಹೋಯಿತು. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ. ನಿಧಾನವೂ ಇಲ್ಲ ಗಿಧಾನವೂ ಇಲ್ಲ ಎಂದು ಹಟ ಹಿಡಿದೆ.

"ಶುಕ್ರವಾರ ಬೆಳಿಗ್ಗೆ ನನಗೆ ತೋರಿಸಮ್ಮ," ಎಂದರು ಮುಖ್ಯಸ್ಥರು ಅವಳಿಗೆ. "ಯಾರ ಮಾತು ಸರಿ ಅಂತ ನೋಡೇಬಿಡೋಣ."

ಬುಧವಾರ ಯಾರಿಗೂ ಕಾಣದಂತೆ ಲಾಗೌಟ್ ಮಾಡಿ ಮತ್ತೆ ಹೊಕ್ಕೆ. ಎಣಿಸಿದೆ. ನಲವತ್ತು. ಹುಡುಕುತ್ತ ಹೋದರೆ ಸಿಕ್ಕಿದ್ದು ನನ್ನದೇ ಎಡವಟ್ಟು. ಬಂದವರು ಯಾರು ಎಂದು ವಿಚಾರಿಸಲು ಪ್ರತಿ ಸರ್ವರ್ ಮೊದಲು ಒಂದು ಹಳೆಯ ಯಂತ್ರವನ್ನು ಕೇಳುತ್ತಿತ್ತು. ಎರಡು ತಿಂಗಳ ಹಿಂದೆ ಆ ಯಂತ್ರವನ್ನು ನಿಲ್ಲಿಸಿದವಳು ನಾನು. ಅದರ ವಿಳಾಸವನ್ನು ಪಟ್ಟಿಯಿಂದ ತೆಗೆಯಲು ಮರೆತವಳೂ ನಾನು. ಖಾಲಿ ಮನೆಯ ಬಾಗಿಲು ಬಡಿದು, ಕಾದು ಸುಸ್ತಾಗಿ, ಆಮೇಲೆ ಪಕ್ಕದ ಮನೆಗೆ ಹೋದ ಹಾಗೆ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಆ ವಿಳಾಸವನ್ನು ಅಳಿಸಿಹಾಕಿದೆ.

"ನೋಡಿ ಸರ್, ಈಗ ನಲವತ್ತು ಸೆಕೆಂಡು..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಸರ್ವರ್ ತೆರೆದುಕೊಂಡಿತು. ಇನ್ನೊಂದನ್ನು ನೋಡಿದಳು. ಪಟ್. ಮೂರನೆಯದೂ ಪಟ್. ಅವಳ ಮುಖ ಕೆಂಪಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ.

"ಇಲ್ಲದ ತೊಂದರೆ ಹುಡುಕ್ತೀಯಲ್ಲಮ್ಮ," ಎಂದು ನಕ್ಕ ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಸೋಮವಾರದಿಂದ ಇದೆಲ್ಲ ನೀವೇ ನೋಡ್ಕೊಳ್ಳಿ."

ಕೆಳಗಿಳಿಯುವಾಗ ಮೆಟ್ಟಿಲ ಬಳಿ ಅವಳು ನನ್ನನ್ನು ತಡೆದಳು. ಜಗಳಕ್ಕೇ ಬಂದಳು ಎಂದುಕೊಂಡೆ.

"ಆ ಹಳೇ ವಿಳಾಸ ತೆಗೆದ್ರಾ ಅಕ್ಕ? ಒಳ್ಳೇದಾಯ್ತು ಬಿಡಿ."

"ನಿನಗೆ... ನಿನಗೆ ಹೇಗೆ ಗೊತ್ತು?"

"ಮಂಗಳವಾರನೇ ಸಿಕ್ಕಿತ್ತು. ಯಂತ್ರ ನಿಲ್ಲಿಸಿದ ದಾಖಲೆಯಲ್ಲಿ ನಿಮ್ಮ ಹೆಸರಿತ್ತು. ಸರ್‌ಗೆ ನಿಧಾನ ಇದೆ ಅಂತಷ್ಟೇ ತೋರಿಸಿ, ಕಾರಣ ಗೊತ್ತಾಗಿಲ್ಲ ಅಂದುಬಿಡೋಣ ಅಂತಿದ್ದೆ. ಒಂದು ಮರೆವಿಗೆ ನಿಮ್ಮ ಜಾಗ ಯಾಕೆ ತಪ್ಪಬೇಕು? ಮನೇಲೂ ಹೇಳಲ್ಲ, ಹೆದರಬೇಡಿ."

ಅಬ್ಬಾ! ನನಗಿಂತ ಒಂದು ದಿನ ಮೊದಲೇ! ಕೆಲಸದಲ್ಲಿ ಮೀರಿಸಿದಳು, ಅತ್ತೆಯ ಮುಂದೆ ಮೀರಿಸಿದಳು, ಈಗ ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿಬಿಟ್ಟಳಲ್ಲ! ಜೀವಮಾನವಿಡೀ ಒಂದೇ ಮನೆಯಲ್ಲಿ ಇವಳ ದೊಡ್ಡ ಮನಸ್ಸಿನ ಎದುರು ಕೂತು ಉಣ್ಣಬೇಕೇ? ನನ್ನ ಕೈಲಾಗದು.

ದಡದಡನೆ ಮೆಟ್ಟಿಲು ಹತ್ತಿ ಮುಖ್ಯಸ್ಥರ ಎದುರು ನಿಂತೆ.

"ಸರ್, ನಿಧಾನ ಇದ್ದದ್ದು ನಿಜ. ತಪ್ಪು ನನ್ನದು. ಬೆಳಿಗ್ಗೆ ಕದ್ದುಮುಚ್ಚಿ ಸರಿಮಾಡಿ ಅವಳಿಗೆ ಅವಮಾನ ಮಾಡಿದ್ದೂ ನಾನೇ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಾಗಾದ್ರೆ ಈ ಜಾಗ ಅವಳಿಗೇ ಕೊಡಬೇಕಾಗುತ್ತೆ. ಗೊತ್ತಲ್ಲ?"

"ಗೊತ್ತು ಸರ್."

ಹೊರಗೆ ಬಂದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಈಗ ಅಳುತ್ತಿದ್ದಳು.

"ಯಾಕಕ್ಕ ಹೀಗೆ ಮಾಡಿದ್ರಿ?"

"ಹೊಟ್ಟೆಕಿಚ್ಚಿಗೆ ಕಣೇ," ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ನಂಬಲೇ ಇಲ್ಲ. "ನಿಮ್ಮಂಥ ಅಕ್ಕ ಯಾರಿಗೆ ಸಿಗ್ತಾರೆ," ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು.